ಸಿಂಗಪುರದ ಅಗ್ಗದ ಶಾವಿಗೆ



ದೇಶಾಂತರ ಹೋಗಿ ಬಂದವರು ಅಲ್ಲಿಯ ಸೌಧಗಳನ್ನೂ ಉದ್ಯಾನಗಳನ್ನೂ ವರ್ಣಿಸುವುದು ವಾಡಿಕೆ. ಅವುಗಳನ್ನು ನಾವೂ ಕಂಡೆವು. ಆದರೆ ಸಿಂಗಪುರದಿಂದ ಮರಳಿದ ಮೇಲೆ ನಮ್ಮ ಮನಸ್ಸಿನಲ್ಲಿ ನಿಂತದ್ದು ಒಂದು ತಟ್ಟೆ ಚೀನೀ ಶಾವಿಗೆ. ಅದರ ಬೆಲೆ ಮೂರು ಡಾಲರು ಇಪ್ಪತ್ತು ಸೆಂಟು. ನಮ್ಮ ನಾಣ್ಯದಲ್ಲಿ ಇನ್ನೂರು ರೂಪಾಯಿಗೆ ತುಸು ಮೇಲೆ. ಇದೇನು ಅಗ್ಗವೇ ಎಂದು ತಾವು ಕೇಳಬಹುದು. ಹಿಂದಿನ ರಾತ್ರಿ ತಂಪುಗಾಳಿಯ ಭೋಜನಶಾಲೆಯೊಂದರಲ್ಲಿ ಇದರ ಐದು ಪಾಲು ತೆತ್ತು ಅರೆಹೊಟ್ಟೆಯಲ್ಲಿ ಎದ್ದು ಬಂದವರು ನಾವು, ಅಗ್ಗವೆಂದೇ ಹೇಳುತ್ತೇವೆ.

ಆ ಊರಿನಲ್ಲಿ ಕೂಲಿಯವನೂ ಸಾಹುಕಾರನೂ ಒಂದೇ ಸೂರಿನಡಿಯಲ್ಲಿ ಉಣ್ಣುವ ಚಾವಡಿಗಳು ನೂರಕ್ಕೆ ಮಿಕ್ಕಿ ಇವೆ. ಹಾಕರ್ ಸೆಂಟರ್ ಎಂದು ಅವಕ್ಕೆ ಹೆಸರು. ಸುತ್ತಲೂ ಸಣ್ಣ ಸಣ್ಣ ಅಂಗಡಿಗಳು, ನಡುವೆ ನೆಲಕ್ಕೆ ಬಿಗಿದ ಮೇಜು ಪೀಠಗಳು. ಪೀಠ ಖಾಲಿಯಾಗಿದ್ದರೂ ಮೇಜಿನ ಮೇಲೆ ಕಾಗದದ ಕರವಸ್ತ್ರದ ಪೊಟ್ಟಣವೊಂದು ಇದ್ದರೆ ಆ ಸ್ಥಳ ಯಾರದೋ ಆಗಿದೆ ಎಂದರ್ಥ. ಬಸ್ಸಿನ ಕಿಟಕಿಯಿಂದ ಟವಲು ಎಸೆದು ಜಾಗ ಹಿಡಿಯುವ ನಮ್ಮ ವಿದ್ಯೆಗೆ ಇದು ಸೋದರಸಂಬಂಧಿ.

ಈ ಅಂಗಡಿಗಳ ಮೂಲ ಬೀದಿಯಲ್ಲಿದೆ. ದಕ್ಷಿಣ ಚೀನದ ಫೂಜಿಯನ್, ಗುವಾಂಗ್‌ಡಾಂಗ್ ಪ್ರಾಂತಗಳಿಂದ ಹೊಟ್ಟೆಪಾಡಿಗೆ ಬಂದವರು ಅಡಿಗೆಯನ್ನು ಹೊತ್ತು ಮಾರಿದರು. ಶಾವಿಗೆಯವನ ಹುಡುಗ ಬಿದಿರಿನ ತುಂಡುಗಳನ್ನು ಟೊಕ್ ಟೊಕ್ ಎಂದು ಬಡಿಯುತ್ತ ಗಲ್ಲಿ ಸುತ್ತುವನು; ಮನೆಯವರು ಸದ್ದು ಕೇಳಿ ಬೇಕಾದುದನ್ನು ಹೇಳಿ ಕಳುಹಿಸುವರು. ಗೋಧಿಯ ಶಾವಿಗೆಗೆ ಫೂಜಿಯನ್ ಜನರ ಮಾತಿನಲ್ಲಿ ಮೀ ಎಂದು ಹೆಸರು. ಆ ಸದ್ದಿನಿಂದ ತಿಂಡಿಗೇ ಟೊಕ್ ಟೊಕ್ ಮೀ ಎಂದು ಹೆಸರಾಯಿತು. 1968–69ರಲ್ಲಿ ಸರಕಾರ ಬೀದಿವರ್ತಕರನ್ನೆಲ್ಲ ಪಟ್ಟಿಮಾಡಿತು. 1971ರಿಂದ 1986ರವರೆಗೆ, ಕೊಳಾಯಿಯೂ ಚರಂಡಿಯೂ ಉಳ್ಳ ಚಾವಡಿಗಳನ್ನು ಕಟ್ಟಿಸಿ, ಅವರನ್ನು ಅಲ್ಲಿಗೆ ಸೇರಿಸಿತು. 2020ರಲ್ಲಿ ಯುನೆಸ್ಕೋ ಸಂಸ್ಥೆ ಈ ಪದ್ಧತಿಯನ್ನು ಮಾನವಕುಲದ ಪರಂಪರೆಗಳ ಪಟ್ಟಿಯಲ್ಲಿ ಬರೆದುಕೊಂಡಿತು.

ನಾವು ಶಾಕಾಹಾರಿಗಳಾದ ಕಾರಣ ಚೀನೀ ಅಂಗಡಿಗಳ ಮುಂದೆ ಅಳುಕುತ್ತಲೇ ನಡೆದೆವು. ಆದರೆ ಬೌದ್ಧಾಚಾರದ ಅಂಗಡಿಯೊಂದು ಸಿಕ್ಕಿತು. ಅಲ್ಲಿ ಮಾಂಸ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ನಿಷಿದ್ಧ! ನಮ್ಮ ಅಜ್ಜಿಯ ಮಡಿಯ ಅಡಿಗೆಮನೆ ಸಮುದ್ರ ದಾಟಿ ಬಂದಿತೇ ಎನ್ನಿಸಿತು. ಚಾಂದ್ರಮಾನದ ಒಂದನೆಯ, ಹದಿನೈದನೆಯ ದಿನಗಳಂದು ಇಂಥ ಅಂಗಡಿಗಳ ಮುಂದೆ ಸಾಲು ಬೆಳೆಯುತ್ತದೆ. ಆ ದಿನಗಳಲ್ಲಿ ಮಾತ್ರ ಮಾಂಸ ಬಿಡುವವರು ಬಹಳ.

ಅಂಗಡಿಯಾಕೆ ಅರುವತ್ತು ದಾಟಿದವಳು. ಎಲ್ಲರೂ ಆಕೆಯನ್ನು ಆಂಟಿ ಎನ್ನುವರು. ನಾವೂ ಹಾಗೆಯೇ ಕರೆದೆವು. ಆಕೆಯದು ಬೀ ಹೂನ್, ಎಂದರೆ ಅಕ್ಕಿಯ ಶಾವಿಗೆ. ನಮ್ಮ ಒತ್ತುಶಾವಿಗೆಗಿಂತ ಎಳೆ ಸಣ್ಣದು. ಒಣಗಿದ ಶಾವಿಗೆಯನ್ನು ನೀರಿನಲ್ಲಿ ನೆನೆಸಿ, ಕಪ್ಪು ಸೋಯಾರಸದೊಡನೆ ದೊಡ್ಡ ಬಾಣಲೆಯಲ್ಲಿ ಹುರಿಯಬೇಕು. ಕಲಕಿದರೆ ಎಳೆ ತುಂಡಾಗುತ್ತದೆ; ಎತ್ತಿ ಎತ್ತಿ ಬಿಡಬೇಕು. ಜೊತೆಗೆ ಹಳದಿ ಮೀ ಬೇಕೆಂದರೆ ಅರ್ಧಕ್ಕರ್ಧ ಬೆರೆಸಿಕೊಡುವಳು. ಆ ಹಳದಿ ಮೊಟ್ಟೆಯದೆಂದು ನಾವು ಶಂಕಿಸಿದೆವು. ಅಲ್ಲ, ಹಿಟ್ಟಿಗೆ ಸೇರಿಸುವ ಕ್ಷಾರದ ನೀರಿನಿಂದ ಬಂದದ್ದು. ಎಳೆಗೆ ಜಿಗಿಯೂ ಅದರಿಂದಲೇ. ಮೇಲೆ ಬೇಯಿಸಿದ ಕೋಸು, ಕರಿದ ಸೋಯಾಕೆನೆ, ಒಂದು ಚಮಚ ಮೆಣಸಿನ ಗೊಜ್ಜು. ಗೋಧಿಯ ಅಂಟಿನಿಂದ ಮಾಡಿದ ಹುಸಿಮಾಂಸವನ್ನೂ ಇಟ್ಟಳು. ಮಾಂಸ ಬಿಟ್ಟವನಿಗೆ ಮಾಂಸದ ವೇಷ ಏಕೆ ಬೇಕೋ ನಮಗೆ ತಿಳಿಯದು. ಅದನ್ನು ಪಕ್ಕಕ್ಕೆ ಸರಿಸಿ ಉಳಿದುದನ್ನು ಒಂದೆಳೆಯೂ ಬಿಡದೆ ತಿಂದೆವು.

ಮೂರನೆಯ ದಿನ ಬೆಲೆಯ ಹಲಗೆಯ ಮೇಲೆ ಚೀಟಿ ಅಂಟಿಸಿತ್ತು: ಮೂರು ಡಾಲರು ಐವತ್ತು. ನಮ್ಮ ಮುಂದಿದ್ದ ಗೃಹಸ್ಥ, ನೋಡಿದರೆ ಅನುಕೂಲಸ್ಥನೇ, ಮೂವತ್ತು ಸೆಂಟಿಗಾಗಿ ಗೊಣಗಿದನು. ನಿಜ ಹೇಳಬೇಕೆಂದರೆ ನಮ್ಮ ಒಳಗೂ ಅದೇ ಗೊಣಗು ಎದ್ದಿತು. ಭೋಜನಶಾಲೆಯ ಬಿಲ್ಲನ್ನು ತುಟಿಪಿಟಕ್ಕೆನ್ನದೆ ತೆತ್ತಿದ್ದೆವು!

ಜನ ಕಡಿಮೆಯಾದ ಹೊತ್ತು ನೋಡಿ ಆಕೆಯನ್ನು ಮಾತನಾಡಿಸಿದೆವು. ಏಳುವುದು ಮೂರು ಗಂಟೆಗೆ. ಆರಕ್ಕೆ ಮೊದಲ ತಟ್ಟೆ ಹೊರಡಬೇಕು. ಎಣ್ಣೆ, ಅಕ್ಕಿ, ಗ್ಯಾಸು ಎಲ್ಲವೂ ಏರಿವೆ. ಮಗ ಕಛೇರಿಯಲ್ಲಿದ್ದಾನೆ, ಬಾಣಲೆಯ ಮುಂದೆ ನಿಲ್ಲಲಾರ. ನಿಲ್ಲೆಂದು ತಾನೂ ಹೇಳಲಾರಳು. ಬೀದಿಯಿಂದ ಬಂದ ಹಳಬರಿಗೆ ಸರಕಾರ ಕಡಿಮೆ ಬಾಡಿಗೆ ಗೊತ್ತುಮಾಡಿತ್ತು. ಆಕೆಯದು ಗಂಡನ ಕಾಲದ ಅಂಥ ಅಂಗಡಿ. ಹೊಸಬರು ಹರಾಜಿನಂತೆ ಬಾಡಿಗೆ ಕೂಗಿ ಪಡೆಯಬೇಕು. ಆಕೆ ಬಾಗಿಲು ಹಾಕಿದ ಮೇಲೆ ಅದೇ ಜಾಗದಲ್ಲಿ ಅದೇ ಶಾವಿಗೆ ಅದೇ ಬೆಲೆಗೆ ದೊರೆಯುವುದು ಹೇಗೆ? ಆ ಊರಿನ ಹಾಕರ್ ವರ್ತಕರಲ್ಲಿ ಬಹುಮಂದಿ ಅರುವತ್ತರ ಆಸುಪಾಸಿನವರೇ. ಪರಂಪರೆಯೆಂದು ಕೊಂಡಾಡುವ ನಾವು ಅದಕ್ಕೆ ಮೂವತ್ತು ಸೆಂಟು ಹೆಚ್ಚು ಕೊಡಲು ಮುಖ ಗಂಟಿಕ್ಕುತ್ತೇವೆ. ಬಡವನ ತಟ್ಟೆಯೂ ತುಂಬಬೇಕಲ್ಲ ಎಂಬ ಮಾತೂ ಸುಳ್ಳಲ್ಲ. ಈ ಲೆಕ್ಕ ಬಿಡಿಸುವುದು ನಮ್ಮಿಂದಾಗಲಿಲ್ಲ.

ಹೊರಡುವ ದಿನ ಮುಂಜಾನೆ ಮತ್ತೆ ಹೋದೆವು. ತಿಂದು, ತಟ್ಟೆಯನ್ನು ಅಲ್ಲಿಯ ಕಾನೂನಿನಂತೆ ನಾವೇ ಒಯ್ದು ಇರಿಸಿ, ಐದು ಡಾಲರಿನ ನೋಟನ್ನು ಕಟ್ಟೆಯ ಮೇಲಿಟ್ಟು ಚಿಲ್ಲರೆ ಕೇಳದೆ ನಡೆದೆವು. ಇಪ್ಪತ್ತು ಹೆಜ್ಜೆ ಹೋಗಿರಲಿಲ್ಲ. ಹಿಂದಿನಿಂದ ಕೂಗು ಕೇಳಿಸಿತು. ಆಕೆ ಸೌಟು ಹಿಡಿದೇ ಬಂದು, ಒಂದೂವರೆ ಡಾಲರನ್ನು ಎಣಿಸಿ ನಮ್ಮ ಅಂಗೈಯಲ್ಲಿಟ್ಟು, ಬಾಣಲೆ ಸೀಯುತ್ತದೆಂದು ಓಡಿಹೋದಳು.