ಜಿಗಣೆಯ ಗಂಟೆ, ನಾವಿಕನ ಹಕ್ಕು

(ಪಕ್ಷದ ತಾಲ್ಲೂಕು ಅಭ್ಯಾಸ ಶಿಬಿರದಲ್ಲಿ ಮಾಡಿದ ಭಾಷಣ)



ದುಡಿಯುವವರ ರಕ್ತ ಹೀರುವವರನ್ನು ನಾವು ವೇದಿಕೆಯ ಮೇಲಿಂದ ಜಿಗಣೆಗಳೆಂದು ಬೈಯುತ್ತೇವೆ. ಇಂದು ಆ ಬಡ ಪ್ರಾಣಿಗೆ ನ್ಯಾಯ ಸಲ್ಲಿಸೋಣ. ಜಿಗಣೆಯನ್ನೇ ಜನರ ಕಾವಲಿಗೆ ಕೂರಿಸಲು ಹೊರಟ ಒಬ್ಬ ವೈದ್ಯನಿದ್ದ.

ಇಂಗ್ಲೆಂಡಿನ ಯಾರ್ಕ್‌ಷೈರ್ ಕಡಲತೀರದಲ್ಲಿ ವಿಟ್ಬಿ ಎಂಬ ಸಣ್ಣ ಊರಿದೆ. ಮೀನು, ಹಡಗು, ತಿಮಿಂಗಿಲ ಬೇಟೆಗಳಿಂದ ಬೆಳೆದ ಊರು. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಪುಟ್ಟ ಮಂಟಪದಂತಹ ಒಂದು ಸಾಧನವನ್ನು ಇಟ್ಟಿದ್ದಾರೆ. ಅದರ ಶೃಂಗಾರಕ್ಕೆ ನಮ್ಮ ಭಾರತದ ದೇವಾಲಯಗಳೇ ಪ್ರೇರಣೆ. ಇದು ಬಿರುಗಾಳಿಯನ್ನು ಮುಂಚೆ ತಿಳಿಸುವ ಯಂತ್ರ. ಮಾಡಿದವನು ಆ ಊರಿನ ವೈದ್ಯ ಜಾರ್ಜ್ ಮೆರಿವೆದರ್. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅದನ್ನು ತೋರಿಸಿದ. ಈಗ ಅಲ್ಲಿರುವುದು 1951ರಲ್ಲಿ ಮಾಡಿದ ಪ್ರತಿಕೃತಿ.

ಯಂತ್ರದ ಕೆಲಸ ಸರಳ. ವೃತ್ತಾಕಾರವಾಗಿ ಹನ್ನೆರಡು ಗಾಜಿನ ಸೀಸೆ, ತಳದಲ್ಲಿ ಸ್ವಲ್ಪ ಮಳೆನೀರು, ಒಂದೊಂದರಲ್ಲೂ ಒಂದು ಜಿಗಣೆ. ಬಿರುಗಾಳಿ ಬರುವ ಮೊದಲು ಜಿಗಣೆ ಚಡಪಡಿಸಿ ಸೀಸೆಯ ಕತ್ತಿನವರೆಗೆ ಏರುತ್ತದೆ. ಅಲ್ಲಿರುವ ಸಣ್ಣ ತುಂಡೊಂದನ್ನು ಸರಿಸುತ್ತದೆ. ಅದಕ್ಕೆ ಕಟ್ಟಿದ ತಂತಿ ಸಡಿಲಿ ಮೇಲಿನ ಗಂಟೆಗೆ ಸುತ್ತಿಗೆ ಬಡಿಯುತ್ತದೆ. ಹೆಚ್ಚು ಜಿಗಣೆಗಳು ಬಾರಿಸಿದಷ್ಟೂ ಗಂಡಾಂತರ ಖಚಿತವೆಂದು ವೈದ್ಯನ ಲೆಕ್ಕ. ಜಿಗಣೆಗಳಿಗೆ ಒಂಟಿ ಸೆರೆಯ ದುಃಖ ಬಾರದಿರಲೆಂದು, ಒಂದನ್ನೊಂದು ನೋಡುವಂತೆ ಸೀಸೆಗಳನ್ನು ಸುತ್ತಲೂ ಜೋಡಿಸಿದನಂತೆ!

ನಗಬೇಡಿ. ಕರಾವಳಿಯುದ್ದಕ್ಕೂ ಈ ಯಂತ್ರವನ್ನು ಇಡಬೇಕೆಂದು ಅವನ ಆಸೆ. ಸರ್ಕಾರ ಒಪ್ಪಲಿಲ್ಲ. 1859ರ ಬಿರುಗಾಳಿಯಲ್ಲಿ 'ರಾಯಲ್ ಚಾರ್ಟರ್' ಹಡಗು ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ 1861ರಲ್ಲಿ ಫಿಟ್ಜ್‌ರಾಯ್ ಎಂಬ ನೌಕಾಧಿಕಾರಿ ತಂತಿಯ ಮೂಲಕ ಬಿರುಗಾಳಿಯ ಎಚ್ಚರಿಕೆ ಕಳಿಸುವ ಏರ್ಪಾಡು ಮಾಡಿದ. ಜಿಗಣೆಗಿಂತ ಅದು ಉತ್ತಮವೆಂಬುದರಲ್ಲಿ ಸಂಶಯವಿಲ್ಲ.

ಆದರೆ ಅದೇ 1861ರ ಫೆಬ್ರವರಿ 9ರಂದು ಇದೇ ವಿಟ್ಬಿಯಲ್ಲಿ ಹಡಗುಗಳು ಒಂದಾದ ಮೇಲೊಂದು ದಡಕ್ಕೆ ಅಪ್ಪಳಿಸಿದವು. ಜೀವರಕ್ಷಕ ದೋಣಿಯ ಹದಿಮೂರು ಮಂದಿ ಮತ್ತೆ ಮತ್ತೆ ಕಡಲಿಗಿಳಿದು ಇತರರನ್ನು ಉಳಿಸಿದರು. ಕೊನೆಗೆ ದೋಣಿ ಮಗುಚಿ ಹನ್ನೆರಡು ಮಂದಿ ಸತ್ತರು. ಉಳಿದವನು ಹೆನ್ರಿ ಫ್ರೀಮನ್ ಒಬ್ಬನೇ. ಹೊಸ ಮಾದರಿಯ ಬೆಂಡಿನ ಅಂಗಿ ತೊಟ್ಟಿದ್ದವನೂ ಅವನೊಬ್ಬನೇ.

ಇನ್ನು ಹಡಗಿನ ಕೂಲಿಯವನ ಪಾಡೇನು? ಒಮ್ಮೆ ಕರಾರಿಗೆ ಹೆಬ್ಬೆಟ್ಟೊತ್ತಿದರೆ ಮುಗಿಯಿತು. ಹಡಗು ಕೊಳೆತಿದೆ, ಹತ್ತಲೊಲ್ಲೆ ಎಂದವನನ್ನು ಸೆರೆಮನೆಗೆ ಕಳಿಸಲು ಕಾನೂನಿತ್ತು. ಮುಳುಗಿದರೆ ಮಾಲೀಕನಿಗೆ ವಿಮೆಯ ಹಣ, ನಾವಿಕನ ಹೆಂಡತಿಗೆ ವೈಧವ್ಯ. ಪಾರ್ಲಿಮೆಂಟ್ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ವರ್ಷಗಟ್ಟಲೆ ಹೋರಾಡಿದ ಮೇಲೆ, 1876ರಲ್ಲಿ ಹಡಗಿನ ಮೈಮೇಲೆ ಭಾರದ ಮಿತಿಯ ಗೆರೆ ಎಳೆಯಬೇಕೆಂದು ಶಾಸನವಾಯಿತು. ಅಲ್ಲಿಯೂ ಮೋಸ! ಗೆರೆ ಎಲ್ಲಿರಬೇಕೆಂಬುದನ್ನು ಮಾಲೀಕರಿಗೇ ಬಿಟ್ಟರು. ಅದನ್ನು ಸರಿಪಡಿಸಲು 1890ರವರೆಗೆ ಕಾಯಬೇಕಾಯಿತು.

ಇದರಿಂದ ನಾವು ಕಲಿಯಬೇಕಾದದ್ದು ಒಂದೇ. ಗಂಟೆಯನ್ನು ಜಿಗಣೆ ಬಾರಿಸಲಿ, ವಿಜ್ಞಾನಿ ಬಾರಿಸಲಿ, ಕೇಳಿಸಿಕೊಂಡವನಿಗೆ ದಡದಲ್ಲಿ ನಿಲ್ಲುವ ಹಕ್ಕಿಲ್ಲದಿದ್ದರೆ ಅದು ಬರಿಯ ಸದ್ದು. ಇಂದು ಘಟ್ಟದ ಕೆಳಗಿನ ನಮ್ಮ ಬೆಸ್ತರಿಗೂ ಬಿರುಗಾಳಿಯ ಸುದ್ದಿ ಮೊಬೈಲಿಗೇ ಬರುತ್ತದೆ. ಒಳ್ಳೆಯದೇ. ಆದರೆ ಆ ದಿನ ದೋಣಿ ಹತ್ತದವನ ಮನೆಯಲ್ಲಿ ಒಲೆ ಹೊತ್ತಿಸುವವರು ಯಾರು? ಎಚ್ಚರಿಕೆಯ ಜೊತೆಗೆ ಆ ದಿನದ ಕೂಲಿಯೂ ಬರಬೇಕು. ಅದನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು. ಶಿಬಿರ ಮುಗಿಸಿ ಊರಿಗೆ ಹೋದಾಗ ಈ ಪ್ರಶ್ನೆಯನ್ನು ಪ್ರತಿ ಸಭೆಯಲ್ಲೂ ಎತ್ತೋಣ.