ಕುದುರೆಯ ಸಣ್ಣ ಗಾಯಕ್ಕೆ ಯಾವ ಔಷಧ?



ಕಲಬುರಗಿ ಪೇಟೆಯಲ್ಲಿ ಟಾಂಗಾಗಳ ಕಾಲ ಹಿಂದಾಯಿತು. ಆದರೂ ಮದುವೆಯ ಮೆರವಣಿಗೆಗೆ ಕುದುರೆ ಬೇಕೇ ಬೇಕು. ಕಮಲಾಪುರದ ಕಡೆ ಕುದುರೆ ಸಾಕಿದವರೊಬ್ಬರು ಮೊನ್ನೆ ನನ್ನನ್ನು ಕೇಳಿದರು: “ಸಾಹೇಬ್ರ, ಜೀನು ಉಜ್ಜಿ ಬೆನ್ನಿನ ಚರ್ಮ ಸುಲದದ. ಪ್ಯಾಟಿ ಅಂಗಡ್ಯಾಗ ನಾಕಾರು ತರದ ಸ್ಪ್ರೇ ಅವ. ಯಾವದು ತರಬೇಕ್ರಿ?” ಇಂದು ಇದನ್ನೇ ಕುರಿತು ನಾಲ್ಕು ಮಾತು ಹೇಳುತ್ತೇನೆ.

ಮೊದಲು ಗಾಯವನ್ನು ತೊಳೆಯಬೇಕು. ಹೊಲಸಿನ ಮೇಲೆ ಎಂಥ ಔಷಧ ಹೊಡೆದರೂ ವ್ಯರ್ಥ. ಒಂದು ಲೀಟರು ನೀರು ಕುದಿಸಿ, 9 ಗ್ರಾಂ, ಅಂದರೆ ಸುಮಾರು ಎರಡು ಸಣ್ಣ ಚಮಚ ಉಪ್ಪು ಹಾಕಿ ಆರಿಸಿರಿ. ಆ ನೀರನ್ನು ಧಾರೆಯಾಗಿ ಬಿಟ್ಟು ಮಣ್ಣು, ಕೂದಲು ಹೋಗುವಂತೆ ತೊಳೆಯಿರಿ. ರಕ್ತ ಒಸರುತ್ತಿದ್ದರೆ ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ.

ಇನ್ನು ಔಷಧ. ಬಾಟಲಿಯ ಚೀಟಿ ಓದಿಸಿ ನೋಡಿರಿ. ಪೊವಿಡೋನ್ ಅಯೋಡಿನ್ ಅಥವಾ ಕ್ಲೋರ್‌ಹೆಕ್ಸಿಡಿನ್ ಇದ್ದರೆ ಒಳ್ಳೆಯದು. ಅವಧಿ ಮುಗಿದದ್ದು ಬೇಡ. ಸ್ಪಿರಿಟ್ ಬೆರೆತದ್ದೂ ಬೇಡ. ಅದು ಉರಿಯುತ್ತದೆ, ಮರುದಿನ ಕುದುರೆ ಕೈಗೆ ಸಿಗುವುದಿಲ್ಲ. ಗ್ಯಾಸಿನ ಡಬ್ಬಿ ಬುಸ್ಸೆಂದರೆ ಕುದುರೆ ಬೆದರೀತು. ಕೈಯಿಂದ ಒತ್ತುವ ಬಾಟಲಿ ಮೇಲು. ಅದಕ್ಕೂ ಬೆದರಿದರೆ ಹತ್ತಿಗೆ ಹೊಡೆದು ಹಚ್ಚಿರಿ. ಕಣ್ಣಿನ ಹತ್ತಿರ ಸಿಂಪಡಿಸಬೇಡಿರಿ. ನೊಣ ಕೂಡದಂತೆ ಗಾಯದ ಸುತ್ತಲಿನ ಕೂದಲಿಗೆ ಬೇವಿನೆಣ್ಣೆ ಸವರಬಹುದು.

ಫಿನೈಲು, ಪೆಟ್ರೋಲು, ಗಾಡಿಯ ಕರಿ ಎಣ್ಣೆ, ಸುಣ್ಣ ಇವು ಹಸಿ ಚರ್ಮವನ್ನು ಸುಡುತ್ತವೆ. ಹೆಂಡಿ, ಬೂದಿ ಎಂದಿಗೂ ಬೇಡ. ಮತ್ತೊಂದು ಮಾತು: ಜೀನು ಉಜ್ಜಿ ಆದ ಗಾಯ ಜೀನು ಬಿಡಿಸದೆ ಮಾಯುವುದಿಲ್ಲ. ನೊಗ ಉಜ್ಜಿದ ಎತ್ತಿನ ಹೆಗಲಿಗೂ ಇದೇ ಮಾತು.

ಆದರೆ ಸ್ಪ್ರೇಗೆ ಒಂದು ಮಿತಿ ಉಂಟು. ಇದೇ ಯಜಮಾನರ ಇನ್ನೊಂದು ಕುದುರೆಯ ಗೊರಸಿಗೆ ಹಿಂದೆ ಮೊಳೆ ಚುಚ್ಚಿತ್ತು. ರಕ್ತ ಬರಲಿಲ್ಲವೆಂದು ಸುಮ್ಮನಾದರು. ಹತ್ತು ದಿನಕ್ಕೆ ಕಾಲು ಸೆಟೆದವು, ಬಾಲ ಎತ್ತಿತು, ಬಾಯಿ ಕಟ್ಟಿತು. ಕುದುರೆ ಉಳಿಯಲಿಲ್ಲ. ಅದು ಧನುರ್ವಾಯು. ಅದರ ರೋಗಾಣು ಮಣ್ಣಿನಲ್ಲಿಯೂ ಲದ್ದಿಯಲ್ಲಿಯೂ ಇರುತ್ತದೆ. ಗಾಳಿಯಾಡದ ಆಳ ಗಾಯದಲ್ಲಿ ಬೆಳೆಯುತ್ತದೆ. ಸಾಕುಪ್ರಾಣಿಗಳಲ್ಲಿ ಕುದುರೆಗೇ ಇದರ ಕಾಟ ಹೆಚ್ಚು. ಮೇಲೆ ಸಿಂಪಡಿಸಿದ ಔಷಧ ಅಲ್ಲಿಗೆ ಮುಟ್ಟುವುದಿಲ್ಲ. ಆದ್ದರಿಂದ ಮುಂಚಿತವಾಗಿಯೇ ಧನುರ್ವಾಯುವಿನ ಲಸಿಕೆ ಹಾಕಿಸಿರಿ. ಗಾಯವಾದಾಗ ಮತ್ತೆ ಬೇಕೇ ಎಂದು ಡಾಕ್ಟರನ್ನು ಕೇಳಿರಿ.

ಮೊಳೆ ಚುಚ್ಚಿದರೆ, ಗಾಯ ಬಾಯಿಬಿಟ್ಟಿದ್ದರೆ, ಕೀಲಿನ ಹತ್ತಿರವಿದ್ದರೆ, ಹುಳ ಬಿದ್ದಿದ್ದರೆ, ಕುದುರೆ ಕುಂಟಿದರೆ ಅದು ಸಣ್ಣ ಗಾಯವಲ್ಲ. ಅಂದೇ ದನದ ದವಾಖಾನೆಗೆ ತೋರಿಸಿರಿ. ದವಾಖಾನೆ ದೂರವಿದ್ದರೆ 1962ಕ್ಕೆ ಫೋನು ಮಾಡಿ ಸಂಚಾರಿ ಚಿಕಿತ್ಸಾ ವಾಹನ ಕೇಳಿರಿ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಬಾರದು.