ಟಿ.ಎಂ.ಟಿ. ಪರೀಕ್ಷೆಗೆ ಹೊರಡುವ ಮುನ್ನ

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ನಿಂತ ಎತ್ತನ್ನು ನೋಡಿ ದುಡ್ಡು ಎಣಿಸುವುದಿಲ್ಲ. ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಆಮೇಲೆ ಹೂಡಿ ನಡೆಸಿ ನೋಡುತ್ತಾರೆ. ಭಾರ ಬಿದ್ದಾಗಲೇ ಬಲ ತಿಳಿಯುವುದು. ಹೃದಯದ ಮಾತೂ ಹಾಗೆಯೇ. ಮಲಗಿಸಿ ತೆಗೆದ ಇ.ಸಿ.ಜಿ. ಸರಿಯಾಗಿದ್ದರೂ, ಏರು ಹತ್ತುವಾಗ, ಮೂಟೆ ಹೊರುವಾಗ ಎದೆ ಹಿಡಿದಂತಾಗಬಹುದು. ಆದ್ದರಿಂದ ವೈದ್ಯರು ನಡೆಸಿ ನೋಡುತ್ತಾರೆ. ಅದೇ ಟ್ರೆಡ್‌ಮಿಲ್ ಪರೀಕ್ಷೆ, ಆಸ್ಪತ್ರೆಯಲ್ಲಿ ಟಿ.ಎಂ.ಟಿ. ಅನ್ನುತ್ತಾರೆ.

"ನಾನು ದಿನವೆಲ್ಲ ಹೊಲದಲ್ಲಿ ದುಡಿಯೋನು, ನನಗ್ಯಾಕೆ ಇದು?" ಅಂತ ಕೆಲವರು ಕೇಳುತ್ತಾರೆ. ದುಡಿಮೆ ಒಳ್ಳೆಯದೇ. ಆದರೆ ಬೀಡಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವು ದುಡಿಯುವವನನ್ನೂ ಬಿಡುವುದಿಲ್ಲ. ಹೂಳು ತುಂಬಿದ ಕಾಲುವೆಯಲ್ಲೂ ಸ್ವಲ್ಪ ನೀರು ಹರಿಯುತ್ತದೆ. ಬೆಳೆ ಹೆಚ್ಚು ನೀರು ಕೇಳಿದಾಗ ಕೊರತೆ ಬಯಲಾಗುತ್ತದೆ. ಹೃದಯದ ರಕ್ತನಾಳಗಳ ಕಥೆಯೂ ಇಷ್ಟೇ.

ಪರೀಕ್ಷೆಯಲ್ಲಿ ಎದೆಗೆ ತಂತಿಗಳನ್ನು ಅಂಟಿಸಿ, ತೋಳಿಗೆ ರಕ್ತದೊತ್ತಡದ ಪಟ್ಟಿ ಕಟ್ಟಿ, ಚಲಿಸುವ ಪಟ್ಟಿಯ ಮೇಲೆ ನಡೆಸುತ್ತಾರೆ. ಅಮೆರಿಕದ ವೈದ್ಯ ರಾಬರ್ಟ್ ಬ್ರೂಸ್ 1963ರಲ್ಲಿ ಪ್ರಕಟಿಸಿದ ಕ್ರಮವೇ ಹೆಚ್ಚಾಗಿ ಬಳಕೆಯಲ್ಲಿದೆ. ಮೊದಲ 3 ನಿಮಿಷ ಗಂಟೆಗೆ 2.7 ಕಿಲೋಮೀಟರು ವೇಗ, 100 ಅಡಿಗೆ 10 ಅಡಿ ಏರು. ಆಮೇಲೆ ಪ್ರತಿ 3 ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತವೆ. 220ರಲ್ಲಿ ವಯಸ್ಸನ್ನು ಕಳೆದು, ಉಳಿದದ್ದರ ಶೇಕಡ 85ರಷ್ಟು ನಾಡಿಬಡಿತವನ್ನು ಸಾಮಾನ್ಯವಾಗಿ ಗುರಿಯಾಗಿಡುತ್ತಾರೆ. 50 ವರ್ಷದವರಿಗೆ ಇದು ನಿಮಿಷಕ್ಕೆ ಸುಮಾರು 145.

ಇನ್ನು ತಯಾರಿಯ ವಿಚಾರ.

ಮೊದಲನೆಯದು ಊಟ. ಹೊಟ್ಟೆ ತುಂಬ ಮುದ್ದೆ ಉಂಡು ಹೊರಡಬೇಡಿ. ಪರೀಕ್ಷೆಗೆ ಎರಡು ಮೂರು ಗಂಟೆ ಮುಂಚೆಯೇ ಲಘುವಾಗಿ ತಿಂದು ಮುಗಿಸಿ. ನೀರು ಕುಡಿಯಬಹುದು. ಅಂದು ಬೀಡಿ, ಸಿಗರೇಟು, ಹೊಗೆಸೊಪ್ಪು ಬೇಡವೇ ಬೇಡ. ಕಾಫಿ, ಟೀ ಎಷ್ಟು ಹೊತ್ತು ಬಿಡಬೇಕೆಂದು ಮೊದಲೇ ಕೇಳಿಕೊಳ್ಳಿ.

ಎರಡನೆಯದು ಮಾತ್ರೆ. ಇದು ಬಹು ಮುಖ್ಯ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆಗಳು ನಾಡಿಬಡಿತ ಏರದಂತೆ ತಡೆಯುತ್ತವೆ. ಆದಕಾರಣ ಕೆಲವರಿಗೆ ವೈದ್ಯರೇ ಅವನ್ನು ಮುಂಚಿತವಾಗಿ ನಿಲ್ಲಿಸುತ್ತಾರೆ. ಕೆಲವರಿಗೆ ಮಾತ್ರೆ ನುಂಗಿಸಿಯೇ ಪರೀಕ್ಷೆ ಮಾಡುತ್ತಾರೆ. ಪಕ್ಕದ ಮನೆಯವರು ಹೇಳಿದರು ಅಂತ ನೀವಾಗಿ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ಎದೆನೋವು ಕೆರಳುವುದುಂಟು. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಂಡು ಉಪವಾಸವಿದ್ದರೆ ಸಕ್ಕರೆ ಇಳಿದು ತಲೆಸುತ್ತು ಬಂದೀತು. ಅಂದಿನ ಊಟ, ಔಷಧ ಎರಡನ್ನೂ ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಹಳೆಯ ಚೀಟಿಗಳನ್ನೂ ಇ.ಸಿ.ಜಿ.ಯನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ.

ಮೂರನೆಯದು ಉಡುಪು. ಪಂಚೆ, ಸೀರೆ ಕಾಲಿಗೆ ತೊಡರುತ್ತವೆ. ಗಂಡಸರಿಗೆ ಸಡಿಲವಾದ ಪಾಯಿಜಾಮ, ತಾಯಂದಿರಿಗೆ ಚೂಡಿದಾರ ಅನುಕೂಲ. ಚಪ್ಪಲಿ ಜಾರುತ್ತದೆ, ಕಾಲಿಗೆ ಹೊಂದುವ ಬೂಟು ಇರಲಿ. ಎದೆಗೆ ಎಣ್ಣೆ ಹಚ್ಚಬೇಡಿ, ತಂತಿ ಅಂಟುವುದಿಲ್ಲ. ಜೊತೆಗೆ ಮನೆಯವರೊಬ್ಬರು ಬರಲಿ.

ಮಂಡಿನೋವಿನಿಂದ ನಡೆಯಲಾಗದವರು ಅದನ್ನು ಮೊದಲೇ ಹೇಳಿ. ಅಂಥವರಿಗೆ ಔಷಧ ಚುಚ್ಚಿ ಮಾಡುವ ಬೇರೆ ಪರೀಕ್ಷೆಗಳಿವೆ.

ಪಟ್ಟಿಯ ಮೇಲೆ ನಡೆಯುವಾಗ ಎದೆ ಹಿಂಡಿದಂತಾದರೆ, ಉಸಿರು ಕಟ್ಟಿದರೆ, ಕಣ್ಣು ಕತ್ತಲಿಟ್ಟರೆ ಆ ಕ್ಷಣವೇ ಹೇಳಿ. ಅಲ್ಲಿ ಗಟ್ಟಿಗತನ ತೋರಿಸಿ ಬಹುಮಾನ ಗೆಲ್ಲಬೇಕಾಗಿಲ್ಲ. ನೋವು ಮುಚ್ಚಿಟ್ಟು ನಡೆದರೆ ಅಪಾಯ ನಿಮ್ಮದೇ.

ಫಲಿತಾಂಶ ಚೆನ್ನಾಗಿ ಬಂದರೂ ಬೀಡಿಗೆ ಪರವಾನಗಿ ಸಿಕ್ಕಿತೆಂದಲ್ಲ. ವ್ಯತ್ಯಾಸ ಕಂಡರೂ ಎದೆಗುಂದಬೇಕಾಗಿಲ್ಲ. ಮುಂದಿನ ಪರೀಕ್ಷೆಯಿಂದ ಖಚಿತವಾಗುತ್ತದೆ.

ಕೊನೆಯದಾಗಿ ಒಂದು ಮಾತು. ಸುಮ್ಮನೆ ಕೂತಿದ್ದಾಗಲೇ ಎದೆ ಹಿಂಡಿ, ಬೆವರು ಕಿತ್ತು, ನೋವು ತೋಳಿಗೋ ದವಡೆಗೋ ಏರಿದರೆ, ಗ್ಯಾಸು ಅಂತ ಸೋಡಾ ಕುಡಿದು ಮಲಗಬೇಡಿ. ಪರೀಕ್ಷೆಯ ತಾರೀಖಿಗೂ ಕಾಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ. ಮಳೆ ಹೋದರೆ ಇನ್ನೊಂದು ಮಳೆಗೆ ಕಾಯಬಹುದು. ಆ ಹೊತ್ತು ಕೈತಪ್ಪಿದರೆ ಮತ್ತೆ ಬಾರದು.